ಬಿಳಿ ಬಣ್ಣ ಬಳಿದ ಬೋಟು

"ರೀ! ಬಿರಡೆ ಹಾಕಿದ್ದೀರಾ? ಬಿರಡೆ!"

ಬೋಟು ಕಟ್ಟುವ ದಕ್ಕೆಯ ಮೇಲಿಂದ ಯಾರೋ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದ. ಅವಳಿಗೆ ಉತ್ತರ ಕೊಡುವ ಪುರುಸೊತ್ತೆಲ್ಲಿ? ಬೋಟಿನೊಳಗೆ ಪಾದ ಮುಳುಗುವಷ್ಟು ನೀರು ಬಂದಿತ್ತು! ಕೊಂಡು ಇನ್ನೂ ಎರಡು ದಿನ...

ಧುಮ್ ಎಂದು ಸದ್ದಾಯಿತು. ಕೂಗುತ್ತಿದ್ದವನು ಬಟ್ಟೆಸಮೇತ ನೀರಿಗೆ ಹಾರಿದ್ದ. ಸರಸರನೆ ಈಜಿ ಬಂದು, ಬೋಟಿನ ಹಿಂಬದಿಯ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದ.

"ತೂತು ಬೋಟು ಮಾರಿ ಟೋಪಿ ಹಾಕಿದ್ದಾನೆ ಆ ಪುಣ್ಯಾತ್ಮ! ಕೈಗೆ ಸಿಗಲಿ, ಗ್ರಹಚಾರ ಬಿಡಿಸ್ತೀನಿ!" ಎಂದಳು ಅವಳು.

"ಸಿಕ್ಕಿದ್ದೀನಲ್ಲ, ಬಿಡಿಸಿ," ಎಂದ ಅವನು ಬಾಯೊಳಗಿನ ನೀರು ಉಗುಳುತ್ತಾ. "ಮಾರಿದ್ದು ನಾನೇ. ದಡದಲ್ಲಿ ನಿಂತಾಗ ಮಳೆನೀರು ಹರಿದುಹೋಗಲಿ ಅಂತ ಈ ತೂತು. ನೀರಿಗೆ ಇಳಿಸೋ ಮುಂಚೆ ಬಿರಡೆ ಹಾಕ್ಬೇಕು. ಎಲ್ಲಿದೆ ಅದು?"

ಅವಳು ಬ್ಯಾಗು ತೆರೆದು, ಕರವಸ್ತ್ರದಲ್ಲಿ ಸುತ್ತಿಟ್ಟಿದ್ದ ಹಿತ್ತಾಳೆ ಬಿರಡೆಯನ್ನು ಮೆಲ್ಲಗೆ ಹೊರತೆಗೆದಳು.

"ಕಳೆದುಹೋಗಬಾರದು ಅಂತ... ಜೋಪಾನವಾಗಿ ಇಟ್ಟಿದ್ದೆ."

ಅವನು ನಕ್ಕುಬಿಟ್ಟ. ಒಂದು ವರ್ಷದಲ್ಲಿ ಅವನು ನಕ್ಕಿದ್ದು ಅದೇ ಮೊದಲು. ಅದು ಅವಳಿಗೆ ಹೇಗೆ ಗೊತ್ತಾಗಬೇಕು?

ವ್ಯಾಪಾರ ದಲ್ಲಾಳಿಯ ಮೂಲಕ ಆಗಿದ್ದರಿಂದ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಅವನು ಹಿನ್ನೀರಿನ ಆಚೆ ದಡದ ಎಂಜಿನ್ ಮೇಸ್ತ್ರಿ. ರಿಪೇರಿ ಕೆಲಸಕ್ಕೆ ದಿನಾ ಲಾಂಚಿನಲ್ಲಿ ಈಚೆ ದಡಕ್ಕೆ ಬರುತ್ತಿದ್ದ. ಅವಳು ದೂರದ ನಗರದ ದೊಡ್ಡ ಆಸ್ಪತ್ರೆ ಬಿಟ್ಟು, ಅಪ್ಪನ ಜೊತೆಗಿರಲು ಊರಿಗೆ ಬಂದು, ಈಚೆ ದಡದ ಸಣ್ಣ ದವಾಖಾನೆ ಸೇರಿದ್ದ ನರ್ಸು.

ಮರುದಿನದಿಂದ ಅವನೇ ಪಾಠಕ್ಕೆ ನಿಂತ. ಬಿರಡೆಯನ್ನು ಬೀಗದಕೈಗೆ ದಾರದಿಂದ ಕಟ್ಟಿಕೊಟ್ಟ. ಬಿರಡೆ ಕೈಗೆ ಬಾರದೆ ಎಂಜಿನ್ ಶುರುವಾಗುವಂತಿಲ್ಲ!

"ನೋಡಿ ಸಿಸ್ಟರ್, ಎಂಜಿನ್ ಸ್ಟಾರ್ಟ್ ಆದ ತಕ್ಷಣ ಮುಂದೆ ನೋಡ್ಬೇಡಿ. ಹಿಂದೆ ನೋಡಿ. ಎಂಜಿನ್ ಬೆನ್ನಿಂದ ನೂಲಿನ ಹಾಗೆ ನೀರು ಚಿಮ್ತಿರಬೇಕು. ಚಿಮ್ಮಿದ್ರೆ ಅದರ ಹೊಟ್ಟೆ ತಣ್ಣಗಿದೆ ಅಂತ."

"ಸಿಸ್ಟರ್ ಅನ್ಬೇಡಿ."

"ಊರೆಲ್ಲ ಹಾಗೇ ಕರೀತಾರಲ್ಲ?"

"ಊರಿನವರು ಕರೀಲಿ. ನೀವು ಬೇಡ," ಎಂದವಳು, ಮುಖ ಬಿಸಿಯಾಗಿದ್ದು ಕಾಣದಿರಲೆಂದು ಗ್ರೀಸಿನ ಡಬ್ಬಿಯೊಳಗೆ ತಲೆ ಹಾಕಿದಳು.

ಇನ್ನೊಂದು ಪಾಠ ಹೇಳುವಾಗ ಮಾತ್ರ ಅವನ ದನಿ ಬದಲಾಗುತ್ತಿತ್ತು. "ಟ್ಯಾಂಕಿನ ಮುಚ್ಚಳದ ಮೇಲಿನ ಗಾಳಿ ತಿರುಪು... ಎಂಜಿನ್ ಓಡುವಾಗ ತೆರೆದಿರಬೇಕು, ಕೆಲಸ ಮುಗಿದ ತಕ್ಷಣ ಮುಚ್ಚಿ. ಮಳೆನೀರು ಒಳಗೆ ಹೋದ್ರೆ ಪೆಟ್ರೋಲಿನ ತಳದಲ್ಲಿ ಕೂತಿರುತ್ತೆ. ದಡದ ಹತ್ತಿರ ಏನೂ ಗೊತ್ತಾಗಲ್ಲ. ನಡುನೀರಲ್ಲಿ ಕೈಕೊಡುತ್ತೆ. ಆಮೇಲೆ ಮುಚ್ಚೋಣ ಅಂತ ಯಾವತ್ತೂ ಅನ್ಬೇಡಿ."

ಒಂದು ವಿಚಿತ್ರವನ್ನು ಅವಳು ಗಮನಿಸಿದ್ದಳು. ಅವನು ಬೋಟಿನೊಳಗೆ ಕಾಲಿಡುತ್ತಲೇ ಇರಲಿಲ್ಲ. ಸೊಂಟದವರೆಗಿನ ನೀರಲ್ಲಿ ನಿಂತೇ ಎಲ್ಲ ಕೆಲಸ. "ಬನ್ನಿ, ಕೂತ್ಕೊಳ್ಳಿ" ಎಂದರೆ, "ಬಟ್ಟೆ ಒದ್ದೆ" ಎನ್ನುತ್ತಿದ್ದ. ಬೋಟಿನಲ್ಲಿದ್ದ ಎರಡು ಹುಟ್ಟುಗಳ ಹಿಡಿಯ ಮೇಲೆ ಕಂದು ಕಲೆ. ಉಜ್ಜಲು ಹೋದರೆ, "ಗ್ರೀಸ್ ಅದು, ಹೋಗಲ್ಲ, ಬಿಟ್ಬಿಡಿ" ಎಂದಿದ್ದ.

ಪ್ರತಿ ನಟ್ಟು ಬಿಗಿದ ಮೇಲೆ ಮಗುವಿನ ಬೆನ್ನು ತಟ್ಟಿದಂತೆ ಅದನ್ನು ತಟ್ಟುವ ಆ ಕೈಗಳನ್ನು ನೋಡುತ್ತಾ ನೋಡುತ್ತಾ ಅವಳಿಗೆ ಅವನ ಮೇಲೆ ಪ್ರೀತಿ ಹುಟ್ಟಿತ್ತು. 'ಎಷ್ಟು ದಿನ ಆಯ್ತು ನಾನು ಹೀಗೆ ಒಬ್ಬರ ದಾರಿ ಕಾದು!' ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಅವನು ಕೇಳಿದ. "ಅಲ್ಲಾ, ನರ್ಸಮ್ಮನಿಗೆ ಬೋಟು ಯಾಕೆ?"

ಅವಳು ಗ್ರೀಸಿನ ಡಬ್ಬಿಗೆ ಮುಚ್ಚಳ ಹಾಕಿದಳು.

"ನಮ್ಮಮ್ಮನಿಗಾಗಿ. ಹೋದ ವರ್ಷ ಮಳೆಗಾಲದ ಕೊನೇಲಿ ಅಮ್ಮನಿಗೆ ಎದೆನೋವು ಬಂತು. ಲಾಂಚ್ ಇಲ್ಲದ ಹೊತ್ತು. ಅಪ್ಪ ಯಾವುದೋ ಬೋಟು ಹಿಡಿದು ಆಚೆ ದಡದ ಆಸ್ಪತ್ರೆಗೆ ಹೊರಟರು. ಅರ್ಧ ದಾರೀಲಿ ಎಂಜಿನ್ ನಿಂತುಹೋಯ್ತಂತೆ. ಅಲ್ಲೇ... ನೀರಿನ ಮೇಲೆ ಅಮ್ಮ ಹೋಗ್ಬಿಟ್ಟರು. ಇನ್ಯಾರಿಗೂ ಹಾಗಾಗಬಾರದು ಅಂತ ಇದನ್ನ ಕೊಂಡೆ." ಅವಳ ದನಿ ಗಟ್ಟಿಯಾಯಿತು. "ನಮ್ಮಮ್ಮನ್ನ ನಡುನೀರಲ್ಲಿ ಕೈಬಿಟ್ಟ ಆ ಬೋಟಿನವನು ನನಗೆ ಸಿಗಬೇಕು ಮೇಸ್ತ್ರಿ... ದಿನಾ ಶಾಪ ಹಾಕ್ತೀನಿ ಅವನಿಗೆ!"

ಅವನ ಕೈಯಿಂದ ಸ್ಪ್ಯಾನರ್ ಜಾರಿ ನೀರಿಗೆ ಬಿತ್ತು. ಅವನು ಅದನ್ನು ಹುಡುಕಲೂ ಇಲ್ಲ. "ಲಾಂಚಿಗೆ ಹೊತ್ತಾಯ್ತು" ಎಂದಷ್ಟೇ ಹೇಳಿ ದಡ ಹತ್ತಿ ಹೋದ.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಹತ್ತು ದಿನವಾಯಿತು. ಎಡೆಬಿಡದೆ ಮಳೆ ಸುರಿಯಿತು.

'ನನ್ನ ಮನಸ್ಸು ಗೊತ್ತಾಗಿ ದೂರ ಹೋದರೇ? ಬೇರೆ ಯಾರಾದರೂ ಇದ್ದಾರೇನೋ...' ಅತ್ತಳು, ಸಿಟ್ಟಾದಳು, ಬೋಟಿನ ಕಡೆ ತಿರುಗಿಯೂ ನೋಡಲಿಲ್ಲ.

ಹನ್ನೊಂದನೆಯ ದಿನ ಮಳೆ ಬಿಟ್ಟಿತು. ಮಗಳ ಬಾಡಿದ ಮುಖ ನೋಡಲಾರದೆ, ವರ್ಷದಿಂದ ನೀರಿನ ಕಡೆ ಬಾರದಿದ್ದ ಅಪ್ಪ ಕೋಲೂರಿಕೊಂಡು ದಕ್ಕೆಗೆ ಬಂದರು.

"ಎಲ್ಲಿ, ನಿನ್ನ ಬೋಟು ತೋರಿಸು, ನೋಡೋಣ."

ದಡಕ್ಕೆ ಎಳೆದಿಟ್ಟಿದ್ದ ಬೋಟಿನೊಳಗೆ ಅಪ್ಪ ಬಗ್ಗಿ ನೋಡಿದರು. ನಡುಹಲಗೆಯ ಮೇಲೆ ಅಂಗೈಯಗಲದ ಸುಟ್ಟ ಕಲೆ.

"ಆಗ ನೀಲಿ ಬಣ್ಣ ಇತ್ತು, ಈಗ ಬಿಳಿ ಬಳಿದಿದ್ದಾರೆ..." ಎಂದರು ಮೆಲ್ಲಗೆ. "ಈ ಕಲೆ ನಾನು ಮರೆಯೋ ಹಾಗಿಲ್ಲ ಮಗಳೇ. ಇದರ ಪಕ್ಕದಲ್ಲೇ ನಿಮ್ಮಮ್ಮನ ತಲೆ ನನ್ನ ತೊಡೆ ಮೇಲಿತ್ತು."

ಅವಳಿಗೆ ಅವನ ಕೈಯಿಂದ ನೀರಿಗೆ ಬಿದ್ದ ಸ್ಪ್ಯಾನರ್ ನೆನಪಾಯಿತು. ಅವನಾ? ಆ ಬೋಟಿನವನು... ಅವನಾ?!

"ಪೂರ್ತಿ ಕೇಳು ಮಗಳೇ, ಅವನು..."

ಅವಳು ಕೇಳಲಿಲ್ಲ. ಆ ದಿನದ ಮಾತನ್ನು ಅವಳು ಯಾವತ್ತೂ ಪೂರ್ತಿ ಕೇಳಿದವಳಲ್ಲ. ಬಿರಡೆ ಹಾಕಿ, ಬೋಟನ್ನು ನೀರಿಗೆ ನೂಕಿ ಹತ್ತಿ, ಎಂಜಿನ್ ಶುರು ಮಾಡಿ ಆಚೆ ದಡಕ್ಕೆ ಹೊರಟೇಬಿಟ್ಟಳು.

ನಡುನೀರಿಗೆ ಬರುತ್ತಿದ್ದಂತೆ ಎಂಜಿನ್ ಎರಡು ಸಲ ಕೆಮ್ಮಿತು. ನಿಂತಿತು.

ಟ್ಯಾಂಕಿನ ಮುಚ್ಚಳ ನೋಡಿದಳು. ಗಾಳಿ ತಿರುಪು ತೆರೆದೇ ಇತ್ತು! ಅವನು ಬಾರದ ಮೊದಲ ದಿನ, ಸಿಟ್ಟಿನಲ್ಲಿ, 'ಆಮೇಲೆ ಮುಚ್ಚಿದರಾಯ್ತು' ಎಂದು ಮನೆಗೆ ಹೋಗಿದ್ದಳು. ಹತ್ತು ದಿನದ ಮಳೆ ಒಳಗೆ ಇಳಿದಿತ್ತು.

ಆಮೇಲೆ...

ಆ ಪದ ಅವಳ ಎದೆಗೆ ಚುಚ್ಚಿತು. ಅಮ್ಮ ಹೋದ ದಿನ ಡ್ಯೂಟಿಯಲ್ಲಿದ್ದಾಗ ಮನೆಯಿಂದ ಮೂರು ಸಲ ಫೋನ್ ಬಂದಿತ್ತು. ಮೂರು ಸಲವೂ 'ಆಮೇಲೆ ಮಾಡ್ತೀನಿ' ಎಂದುಕೊಂಡು ಕಟ್ ಮಾಡಿದ್ದಳು. ಅದನ್ನು ಯಾರಿಗೂ ಹೇಳಿರಲಿಲ್ಲ. ತನ್ನನ್ನು ಬೈದುಕೊಳ್ಳಲಾರದೆ ಒಂದು ವರ್ಷ ಆ ಬೋಟಿನವನನ್ನು ಬೈದಿದ್ದಳು.

ಹುಟ್ಟು ಕೈಗೆತ್ತಿಕೊಂಡಳು. ಕಾಲು ಗಂಟೆಗೆ ಅಂಗೈಯಲ್ಲಿ ಬೊಬ್ಬೆ, ಅರ್ಧ ಗಂಟೆಗೆ ರಕ್ತ. ದಡ ಮಾತ್ರ ಅಷ್ಟೇ ದೂರ. ಕೈ ಒರೆಸಿಕೊಳ್ಳಲು ನಿಲ್ಲಿಸಿದಾಗ ಕಂಡಿತು... ತನ್ನ ಹಸಿ ರಕ್ತದ ಪಕ್ಕದಲ್ಲೇ ಆ ಹಳೆಯ ಕಂದು ಕಲೆ. ಎಷ್ಟು ಬ್ಯಾಂಡೇಜು ಬಿಚ್ಚಿದವಳು ಅವಳು! ಒಣಗಿದ ರಕ್ತ ಗುರುತಾಗದೇ?

"ಅಯ್ಯೋ..." ಎಂದಳು ಖಾಲಿ ನೀರಿನ ಮೇಲೆ. ಆಮೇಲೆ ಅಳುತ್ತಲೇ ಹುಟ್ಟು ಹಾಕಿದಳು.

ಅವಳು ಹುಟ್ಟು ಹಾಕುತ್ತಾ ಬರುವುದನ್ನು ದೂರದಿಂದಲೇ ಕಂಡು ಅವನು ಆಚೆ ದಡದ ತನ್ನ ಗ್ಯಾರೇಜಿನಿಂದ ಓಡಿಬಂದು ಎದೆಮಟ್ಟದ ನೀರಿಗಿಳಿದಿದ್ದ. ಬೋಟಿನ ಅಂಚು ಹಿಡಿದುಕೊಂಡ. ಅವಳ ಕಣ್ಣು ನೋಡಿದವನಿಗೆ ಎಲ್ಲ ತಿಳಿಯಿತು.

"ಕಾರಣ ಕೇಳ್ಬೇಡಿ," ಎಂದ. "ಕಷ್ಟ ಇರಲಿಲ್ಲ, ಕಾಯಿಲೆ ಇರಲಿಲ್ಲ. ಬರೀ ಸೋಮಾರಿತನ. ಹಿಂದಿನ ದಿನ ತಿರುಪು ಮುಚ್ಚಲಿಲ್ಲ, ಆಮೇಲೆ ಅಂದ್ಕೊಂಡೆ. ನಿಮ್ಮಮ್ಮ ಹೋಗಿದ್ದು ನನ್ನಿಂದ. ಎಷ್ಟು ಬೇಕಾದ್ರೂ ಬೈಯ್ರಿ."

"ಕೈ ತೋರಿಸಿ."

"ಬೇಡ..."

"ತೋರಿಸಿ ಮೇಸ್ತ್ರಿ!"

ಎರಡೂ ಅಂಗೈಗೆ ಅಡ್ಡಲಾಗಿ ಬಿಳಿ ಗಾಯದ ಗೆರೆಗಳು.

"ಗ್ರೀಸ್ ಅಂತ ಸುಳ್ಳು ಯಾಕೆ ಹೇಳಿದ್ರಿ?"

"ದಡ ಮುಟ್ಟಿಸೋಕೆ ಆಗದವನು ಹುಟ್ಟು ಹಾಕಿದೆ ಅಂತ ಹೇಳ್ಕೊಳ್ಳೋದಾ?"

ವರ್ಷದಿಂದ ಯಾರನ್ನೂ ಕೇಳದಿದ್ದ ಮಾತನ್ನು ಅವಳು ಕೇಳಿದಳು. "ಅಮ್ಮ... ಕೊನೆಗೆ ಏನಾದ್ರೂ ಹೇಳಿದ್ರಾ?"

"'ಸಾಕು ಮಗಾ, ಕೈ ಹರಿದುಹೋಗ್ತಿದೆ' ಅಂದ್ರು. 'ನನ್ನ ಮಗಳು ನರ್ಸು. ಇಲ್ಲಿದ್ದಿದ್ರೆ ಚೆನ್ನಾಗಿ ಪಟ್ಟಿ ಕಟ್ಟೋಳು. ಫೋನ್ ಎತ್ತಲಿಲ್ಲ ಪಾಪ... ಯಾರದೋ ಜೀವ ಉಳಿಸ್ತಿರ್ತಾಳೆ.' ಅಷ್ಟೇ."

ಅವಳು ನಡುಹಲಗೆಯ ಮೇಲೆ ಕುಸಿದು, ಆ ಸುಟ್ಟ ಕಲೆಯ ಮೇಲೆ ಹಣೆಯಿಟ್ಟು, ವರ್ಷದ ಅಳುವನ್ನೆಲ್ಲ ಅತ್ತಳು. ಅವನು ನೀರಲ್ಲೇ ನಿಂತು ಅತ್ತ.

ಬಹಳ ಹೊತ್ತಿನ ಮೇಲೆ ಅವಳು ಮುಖವೆತ್ತಿದಳು.

"ನಿಮ್ಮನ್ನ ದ್ವೇಷ ಮಾಡೋಣ ಅಂತ ಹೊರಟಿದ್ದೆ. ಆಗಲಿಲ್ಲ."

"ನಾನು ಕ್ಷಮೆಗೆ ಲಾಯಕ್ಕಿಲ್ಲ ಸಿಸ್ಟರ್..."

"ಸಿಸ್ಟರ್ ಅನ್ಬೇಡಿ ಅಂತ ಎಷ್ಟು ಸಲ ಹೇಳ್ಲಿ!" ಅಳುವಿನ ಮಧ್ಯೆಯೇ ಗದರಿದಳು. "ಪ್ರೀತಿ ಮಾಡೋಳನ್ನ ಯಾರಾದ್ರೂ ಸಿಸ್ಟರ್ ಅಂತಾರಾ?"

"ನಾನೂ..." ಎಂದಷ್ಟೇ ಹೇಳಿ, ಅವನು ಅವಳ ಹರಿದ ಅಂಗೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡ.

ಗ್ಯಾರೇಜಿನಲ್ಲಿ ಅವನು ಅವಳ ಕೈಗೆ ಮುಲಾಮು ಹಚ್ಚಿ ಪಟ್ಟಿ ಕಟ್ಟಿದ. ಅವಳೂ ಹಠ ಹಿಡಿದು, ಎಂದೋ ಮಾಗಿದ ಅವನ ಅಂಗೈಗಳಿಗೆ ಒಂದೊಂದು ಸುತ್ತು ಬಟ್ಟೆ ಸುತ್ತಿದಳು.

"ಅಮ್ಮ ಹೇಳಿದ್ರಲ್ಲ... ತಡವಾಯ್ತು, ಅಷ್ಟೇ."

ಟ್ಯಾಂಕು ಬರಿದು ಮಾಡಿ, ಹೊಸ ಪೆಟ್ರೋಲ್ ತುಂಬಿ, ಎಂಜಿನ್ ತೊಳೆದು ಮುಗಿಸುವಾಗ ಬಿಸಿಲು ಇಳಿದಿತ್ತು.

"ಅಪ್ಪ ದಕ್ಕೆಯಲ್ಲೇ ಕಾಯ್ತಿರ್ತಾರೆ. ದಾಟಿಸ್ತೀರಾ?" ಎಂದು ಅವಳು ಕೈ ಚಾಚಿದಳು.

ಅವನು ಬೋಟಿನ ಹೊರಗೆ ನಿಂತೇ ಇದ್ದ. ಕೊನೆಗೆ ಆ ಕೈ ಹಿಡಿದು ಒಳಗೆ ಹೆಜ್ಜೆಯಿಟ್ಟ... ಒಂದು ವರ್ಷದ ಮೇಲೆ.

ಎಂಜಿನ್ ಶುರುವಾಯಿತು. ಇಬ್ಬರೂ ಹಿಂದೆ ತಿರುಗಿದರು. ಕಣ್ಣು ತುಂಬಿಕೊಂಡಿದ್ದ ಅವನಿಗೆ ಏನೂ ಸರಿಯಾಗಿ ಕಾಣುತ್ತಿರಲಿಲ್ಲ.

"ನೀರು ಬರ್ತಿದೆಯಾ?" ಎಂದು ಕೇಳಿದ.

"ಬರ್ತಿದೆ," ಎಂದಳು ಅವಳು, ಅವನ ಭುಜಕ್ಕೆ ಒರಗುತ್ತಾ. "ನೂಲಿನ ಹಾಗೆ... ನಡೀರಿ, ಮನೆಗೆ ಹೋಗೋಣ."