ಬೋರಲು ಬಿದ್ದ ಫೋಟೊಗಳು

"ದೊಡ್ಡಮ್ಮ, ಬೇಗ ಬನ್ನಿ! ಫೋಟೊ ಕಾಣೆಯಾಗಿದೆ!"

ಪಾಶ್ಚಾತ್ಯ ಇತಿಹಾಸ ಸಂಶೋಧನಾ ಕೇಂದ್ರದ ಮೆಟ್ಟಿಲನ್ನು ವಾಚನಾಲಯದ ಮೇಲ್ವಿಚಾರಕ ಒಂದೇ ಉಸಿರಿಗೆ ಹತ್ತಿ ಬಂದಿದ್ದ. ಇತಿಹಾಸದ ಪ್ರಾಧ್ಯಾಪಕಿಯಾಗಿದ್ದ ಅವನ ದೊಡ್ಡಮ್ಮ ನಿವೃತ್ತಿಯ ನಂತರವೂ ಮಹಡಿಯ ಕೋಣೆ ಬಿಟ್ಟಿರಲಿಲ್ಲ. ಕಟ್ಟಡದಲ್ಲಿ ಏನು ಕಳೆದರೂ ಮೊದಲು ತಟ್ಟುವುದು ಅವರ ಬಾಗಿಲನ್ನೇ.

ಕಳೆದದ್ದು ಯುರೋಪಿನ ಬಟ್ಟೆ ಗಿರಣಿಯೊಂದರ ಮುಷ್ಕರದ ಹಳೆಯ ಫೋಟೊ. ಮುಷ್ಕರವನ್ನು ಮುನ್ನಡೆಸಿದವರು ಹೆಂಗಸರು ಎಂಬ ಸಂಶೋಧನಾ ವಿದ್ಯಾರ್ಥಿನಿಯ ವಾದಕ್ಕೆ ಅದೊಂದೇ ಆಧಾರ. "ಕಂಪ್ಯೂಟರಿನ ಪ್ರತೀನ ಯಾರು ಬೇಕಾದ್ರೂ ತಿದ್ದಬಹುದು, ಮೂಲ ತೋರಿಸು" ಎಂದು ಅವಳ ಮಾರ್ಗದರ್ಶಕರು ಪಟ್ಟು ಹಿಡಿದಿದ್ದರು. ಸಂಜೆ ಪರೀಕ್ಷಕರು ಬರುವವರು. ಅಷ್ಟರಲ್ಲಿ ಮೂಲ ಸಿಗದಿದ್ದರೆ ಅವಳ ವರ್ಷಗಟ್ಟಲೆಯ ದುಡಿಮೆ ನೀರುಪಾಲು.

ಬೆಳಗಿನಿಂದ ವಾಚನಾಲಯಕ್ಕೆ ಒಬ್ಬೊಬ್ಬರಾಗಿ ಬಂದುಹೋದವರು ಮೂವರೇ. ದೊಡ್ಡಮ್ಮ ಇಳಿದು ಬರುವ ಹೊತ್ತಿಗೆ ಮೂವರನ್ನೂ ಅಲ್ಲಿಗೇ ಕರೆಸಲಾಗಿತ್ತು. ವಿದ್ಯಾರ್ಥಿನಿ ಕೂತಲ್ಲಿ ಕೂರಲಾರದೆ ಚಡಪಡಿಸುತ್ತಿದ್ದಳು. ಸಮಾಜಶಾಸ್ತ್ರದ ಮೇಷ್ಟ್ರು ಶತಪಥ ಹಾಕುತ್ತಿದ್ದರು. ಮಾರ್ಗದರ್ಶಕರು ಮಾತ್ರ ಕೈಕಟ್ಟಿ ಕೂತಿದ್ದರು. ಬೆಳಿಗ್ಗೆ ಹೊರಗೆ ಹೋಗುವಾಗ ಎಲ್ಲರ ಚೀಲ, ಜೇಬುಗಳನ್ನು ಬಾಗಿಲಲ್ಲಿ ಮೇಲ್ವಿಚಾರಕ ತಾನೇ ತಡಕಿದ್ದ. ಮೇಜಿನ ಮೇಲೆ, ಕಳೆದ ಫೋಟೊ ಇದ್ದ ಪೆಟ್ಟಿಗೆಯ ಉಳಿದ ಫೋಟೊಗಳೆಲ್ಲ ಕದ್ದವರು ಬಿಟ್ಟುಹೋದ ಹಾಗೆಯೇ ಬೋರಲು ಬಿದ್ದಿದ್ದವು.

"ನನಗ್ಯಾಕಮ್ಮಾ ಅದು?" ಎಂದರು ಮೇಷ್ಟ್ರು. "ಇವಳ ಉಪನ್ಯಾಸದಲ್ಲಿ ಗೋಡೆ ತುಂಬ ತೋರಿಸಿದಾಗ ನೋಡಿದೀನಿ. ಎಲ್ಲರಿಗಿಂತ ಮುಂದೆ ಕೂಸು ಎತ್ಕೊಂಡ ಹೆಂಗಸು. ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ."

"ನಾನು ಆ ಉಪನ್ಯಾಸಕ್ಕೇ ಹೋಗಿಲ್ಲ" ಎಂದರು ಮಾರ್ಗದರ್ಶಕರು. "ಆ ಫೋಟೊದ ಮುಖಾನೇ ಕಂಡಿಲ್ಲ. ಅಡಿಟಿಪ್ಪಣೀಲಿ ಅದರ ಸಂಖ್ಯೆ ಓದಿದೀನಿ, ಅಷ್ಟೆ. ಕಾಣದೇ ಇರೋದನ್ನ ಹೇಗೆ ಕದೀಲಿ? ಬಣ್ಣ ಬಯಲಾಗುತ್ತೆ ಅಂತ ಇವಳೇ ಬಚ್ಚಿಟ್ಟಿದಾಳೆ."

ಮಾತು ಸರಿ ಅನ್ನಿಸಿ ಮೇಲ್ವಿಚಾರಕ ವಿದ್ಯಾರ್ಥಿನಿಯತ್ತ ತಿರುಗಿದ.

"ಸಂಖ್ಯೆ ಎಲ್ಲಿ ಬರೀತೀಯೋ?" ಎಂದರು ದೊಡ್ಡಮ್ಮ.

"ಫೋಟೊ ಬೆನ್ನ ಮೇಲೆ, ಪೆನ್ಸಿಲ್‌ನಲ್ಲಿ."

"ಮತ್ತಿನ್ನೇನು? ಮುಖ ಗೊತ್ತಿದ್ದೋರು ಮುಖ ನೋಡಿ ಹುಡುಕ್ತಾರೆ. ಈ ಹುಡುಗಿಗೂ ಗೊತ್ತು, ಮೇಷ್ಟ್ರಿಗೂ ಗೊತ್ತು. ಒಂದೊಂದನ್ನೂ ಬೋರಲು ಹಾಕಿ ಬೆನ್ನು ನೋಡಬೇಕಾದೋರು, ಬರೀ ಸಂಖ್ಯೆ ಓದಿದೋರು." ಅವರು ಮಾರ್ಗದರ್ಶಕರತ್ತ ತಿರುಗಿದರು. "ಆ ಗಿರಣಿ ಗೇಟಿಗೆ ಹೆಂಗಸರು ಬಂದಿದ್ದು ಊಟ ಕೊಡೋಕೆ ಅಂತ ನಿಮ್ಮ ಪುಸ್ತಕ ಹೇಳುತ್ತೆ. ಅದು ಸುಳ್ಳಾಗುತ್ತೆ ಅಂತ ನಿಮಗೆ ಹೆದರಿಕೆ ಆಯ್ತು, ಅಲ್ವಾ?"

ಮಾರ್ಗದರ್ಶಕರು ಕಟ್ಟಿದ್ದ ಕೈ ಬಿಚ್ಚಿ ಕನ್ನಡಕ ತೆಗೆದರು.

"ಚೀಲ ಇವನೇ ನೋಡಿದಾನೆ, ಫೋಟೊ ಹೊರಗೆ ಹೋಗಿಲ್ಲ. ಹಳೇ ದಾಖಲೆ ಹರಿಯೋಕೆ ಇವರಿಗೆ ಕೈ ಬರಲ್ಲ. ಇಲ್ಲಿ ಯಾರೂ ಕೇಳದ ಪೆಟ್ಟಿಗೆ ಯಾವುದೋ?"

ಮೇಲ್ವಿಚಾರಕ ನಾಲಿಗೆ ಕಚ್ಚಿಕೊಂಡ. "ಸರ್ ಅವರದೇ ಸಂಶೋಧನೆಯ ಕಾಗದಪತ್ರ, ದೊಡ್ಡಮ್ಮ."

ಧೂಳು ಹಿಡಿದ ಆ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮೇಲೆಯೇ ಫೋಟೊ ಇತ್ತು. ಸಮಾಧಾನದಿಂದ ಮೇಲ್ವಿಚಾರಕನ ಕಣ್ಣು ಒದ್ದೆಯಾಯಿತು. ವಿದ್ಯಾರ್ಥಿನಿ ಅದನ್ನು ತೆಗೆದುಕೊಂಡು ಮಾರ್ಗದರ್ಶಕರ ಮುಂದಿಟ್ಟಳು. ಅಭ್ಯಾಸಬಲದಿಂದ ಅವರ ಬೆರಳು ಅದನ್ನು ಬೋರಲು ಮಾಡಲು ಹೊರಟಿತು.

"ಬೆನ್ನು ಬೇಡ ಸರ್" ಎಂದು ಅವಳು ಅವರ ಕೈ ತಡೆದಳು. "ಒಂದ್ಸಲ ಮುಖ ನೋಡಿ."

ಅವರು ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು.

"ಯಾರ ಕೈಲೂ ಊಟದ ಡಬ್ಬಿ ಇಲ್ವಲ್ಲಮ್ಮಾ" ಎಂದರು.