ಹೊತ್ತು ಮುಳುಗುವ ಊರಿಗೆ ಎರಡು ಸೀಟು

"ಗಿರನಾರ್ ಒಂದು ಬಿಟ್ಟು ಎಲ್ಲಿಗಾದರೂ ಆಗಬಹುದು," ಎಂದಳು ರಾಜಮತಿ.

ದೋಸೆ ಮುರಿಯುತ್ತಿದ್ದ ನೇಮಿರಾಜ ಅಲ್ಲೇ ನಕ್ಕುಬಿಟ್ಟ. ನಗದೆ ಏನು ಮಾಡ್ತಾನೆ? ಈ ಇಬ್ಬರ ಹೆಸರು ಒಟ್ಟಿಗೆ ಕೇಳಿದರೆ ಮೂಡುಬಿದಿರೆಯ ಜೈನರ ಮನೆಗಳಲ್ಲಿ ಎಲ್ಲರೂ ನಗುವವರೇ. ಪುರಾಣದ ನೇಮಿಸ್ವಾಮಿ ಮದುವೆ ದಿಬ್ಬಣದಲ್ಲಿ ಬರುವಾಗ, ಔತಣಕ್ಕೆಂದು ಕಟ್ಟಿಹಾಕಿದ ಪ್ರಾಣಿಗಳ ಕೂಗು ಕೇಳಿ ಮನಸ್ಸು ಕಲಕಿ, ರಥ ತಿರುಗಿಸಿದವರು. ಸಿಂಗರಿಸಿಕೊಂಡು ಕಾಯುತ್ತಿದ್ದ ರಾಜಮತಿಯನ್ನು ಬಿಟ್ಟು ಒಬ್ಬರೇ ಗಿರನಾರ್ ಬೆಟ್ಟ ಹತ್ತಿದವರು. ಹಾಗಿರುವಾಗ ಹೈಸ್ಕೂಲಿನ ಗಣಿತದ ಮಾಷ್ಟ್ರು ನೇಮಿರಾಜನಿಗೆ ಬೆಳ್ತಂಗಡಿ ಕಡೆಯ ರಾಜಮತಿಯ ಸಂಬಂಧ ಬಂದರೆ ಜನ ಬಿಡ್ತಾರಾ? ಅವನ ಅಕ್ಕ ಕಾಂತಿ, "ಹುಡುಗಿ ಚಂದ ಉಂಟು. ದಿಬ್ಬಣದ ದಾರಿಯಲ್ಲಿ ಆಡು ಕೋಳಿ ಏನೂ ಕೂಗದ ಹಾಗೆ ನೋಡ್ಕೊಂಡರೆ ಆಯ್ತು ಮಾರಾಯ್ರೇ," ಎಂದಿದ್ದಳಂತೆ.

ಅದೆಲ್ಲ ಮದುವೆಗೆ ಮೊದಲಿನ, ಬೇಸಿಗೆಯ ಮಾತು. ಈಗ ಡಿಸೆಂಬರ್. ಶಾಲೆಗೆ ಕ್ರಿಸ್‌ಮಸ್ ರಜೆ ಬರುವುದರಲ್ಲಿತ್ತು. "ರಜೆಯಲ್ಲಿ ನಾವಿಬ್ಬರೇ ಎಲ್ಲಿಗಾದರೂ ಹೋಗುವ. ಊರು ನೀನೇ ಹೇಳು," ಎಂದು ಅವನೇ ಬಾಯಿಬಿಟ್ಟು ಹೇಳಿದ್ದ. ನಾವಿಬ್ಬರೇ! ಆ ಶಬ್ದ ಕೇಳಿ ರಾಜಮತಿಯ ಕಿವಿ ಕೆಂಪಾಯಿತು. ಹೂಂ ಅನ್ನುವ ಬದಲು ಗಿರನಾರಿನ ತಮಾಷೆ ಬಾಯಿಗೆ ಬಂದದ್ದು ಆ ನಾಚಿಕೆಯಿಂದಲೇ.

ಆ ಹುಡುಗಿ ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ಬಿಟ್ಟು ಬೇರೆ ಊರು ಕಂಡವಳಲ್ಲ. ಆದರೆ ಗೋಡೆಯ ಕ್ಯಾಲೆಂಡರುಗಳಲ್ಲಿ ದೇಶ ಸುತ್ತಿದವಳು. ವರ್ಷ ಮುಗಿದರೂ ಚಿತ್ರ ಇರುವ ಕ್ಯಾಲೆಂಡರನ್ನು ಅವಳು ಬಿಸಾಡಲು ಬಿಡುತ್ತಿರಲಿಲ್ಲ. ಮೈಸೂರಿನ ಅರಮನೆ, ಜೋಗದ ನೀರು, ಬೇಲೂರಿನ ಕನ್ನಡಿ ಹಿಡಿದ ಹೆಂಗಸು, ಎಲ್ಲವೂ ಅಡಿಗೆಮನೆಯ ಹೊಗೆ ಕುಡಿದು ಹಳದಿಯಾಗಿದ್ದವು. ಅವುಗಳ ಮುಂದೆ ನಿಂತಾಗ ಅವಳ ಮುಖ ನೋಡಬೇಕಿತ್ತು. ನೇಮಿರಾಜ ನೋಡುತ್ತಲೇ ಇದ್ದ, ಬಾಗಿಲ ಸಂದಿಯಿಂದ. ಅವಳು ತಿರುಗಿದ ಕೂಡಲೇ ಕನ್ನಡಕ ತೆಗೆದು ಒರೆಸುವ ನಾಟಕ ಬೇರೆ.

"ಮೈಸೂರು?" ಎಂದು ಕೇಳಿದಳು ಅವತ್ತು ಸಂಜೆ.

ಅವನ ಮುಖ ಒಮ್ಮೆ ಅರಳಿತು, ಮತ್ತೆ ಏನೋ ಲೆಕ್ಕ ಹಾಕಿದವನ ಹಾಗೆ ಮುದುಡಿತು. "ಮೈಸೂರಿನಲ್ಲಿ ಈಗ ಶೀತ ಅಧಿಕವಾಗಿರುತ್ತದೆ," ಎಂದ.

ಗಂಡ ಹೆಂಡತಿ ಮನೆಯಲ್ಲಿ ಆಡುವುದು ತುಳು. ಆದರೆ ನೆಪ ಹೇಳುವಾಗ ಮಾತ್ರ ಈ ಮಹಾಶಯನಿಗೆ ಶಾಲೆಯ ಕನ್ನಡ ಬರುತ್ತಿತ್ತು. ಪುಸ್ತಕ ಓದಿದ ಹಾಗೆ, ಅಕ್ಷರ ಅಕ್ಷರ ಬಿಡಿಸಿ.

ಮರುದಿನ ಜೋಗ ಎಂದಳು. "ಈ ಋತುವಿನಲ್ಲಿ ಜಲಪಾತದ ನೀರು ಕ್ಷೀಣಿಸಿರುತ್ತದೆ." ಅದರ ಮರುದಿನ ಬೇಲೂರು ಎಂದಳು. "ನಮ್ಮ ಸಾವಿರ ಕಂಬದ ಬಸದಿಯಲ್ಲಿ ಇಲ್ಲದ ಕಂಬ ಅಲ್ಲಿ ಯಾವುದುಂಟು?" ಸಿಟ್ಟು ಬಂದು ಕನ್ಯಾಕುಮಾರಿ ಎಂದಳು. "ಅದು ಭೂಮಿಯ ತುದಿ. ತುದಿಯಿಂದಾಚೆ ನೋಡಲಿಕ್ಕೆ ಏನಿದೆ?"

"ಮತ್ತೆ ಊರು ನೀನೇ ಹೇಳು ಅಂದದ್ದು ಯಾಕೆ?" ಎಂದಳು ರಾಜಮತಿ.

"ಹೇಳು, ಹೇಳು. ನೋಡುವ." ಅಷ್ಟು ಹೇಳಿ ಚಪ್ಪಲಿ ಮೆಟ್ಟಿ ಪೇಟೆಗೆ ಇಳಿದೇಬಿಟ್ಟ.

ಪೇಟೆಗೆ ಹೋದವನು ಏನು ಮಾಡುತ್ತಾನೆಂದು ಅವಳಿಗೆ ಗೊತ್ತಿತ್ತು. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಲಾಂದ್ರದ ಬೆಳಕಿನಲ್ಲಿ ಕೂತು ಗೋಳಿಬಜೆ ತಿನ್ನುತ್ತಾನೆ. ಮಂಗಳೂರಿನಲ್ಲಿ ಕಾಲೇಜು ಓದುವಾಗ ಹಾಸ್ಟೆಲಿನಲ್ಲಿ ಹತ್ತಿದ ಚಟ. ರಾಜಮತಿ ಹಾಗಲ್ಲ. ಹೊತ್ತು ಮುಳುಗಿದ ಮೇಲೆ ಒಂದು ಅಗುಳು ಬಾಯಿಗೆ ಹಾಕುವವಳಲ್ಲ, ನೀರು ಕೂಡ ಮುಟ್ಟುವವಳಲ್ಲ. ಅಜ್ಜಿಯ ಮಡಿಲಿನಲ್ಲಿ ಕಲಿತ ಜೈನರ ವ್ರತ ಅದು. ಯಾರೂ ಒತ್ತಾಯ ಮಾಡಿದ್ದಲ್ಲ, ಅವಳಿಗೇ ಅದು ಇಷ್ಟ.

ಶಾಲೆ ಬಿಟ್ಟು ಬಂದವನು ದಿನಾ ಅಂಗಳದಿಂದಲೇ ಕೇಳುತ್ತಿದ್ದ: "ಒಣಸ್ ಆಂಡಾ?" ಊಟ ಆಯಿತಾ ಎಂದು. ಅದನ್ನು ತುಳುನಾಡಿನಲ್ಲಿ ಯಾರು ಯಾರನ್ನು ಕೇಳುವುದಿಲ್ಲ? ದಾರಿಯಲ್ಲಿ ಸಿಕ್ಕವರೂ ಕೇಳುತ್ತಾರೆ. ಹೊಸ ಹೆಂಡತಿಯ ಹತ್ತಿರ ಮಾತಾಡಲು ಇವರಿಗೆ ಬೇರೆ ಏನೂ ಸಿಗುವುದಿಲ್ಲವೇ ಎಂದು ಅವಳಿಗೆ ಬೇಸರ.

ಆ ವಾರ ಅವಳು ನಿಜವಾಗಿ ಬಾಡಿದಳು. ಕಾಂತಿ ಅಕ್ಕಿ ಗೇರುತ್ತಾ, "ಏನು ಮಾರಾಯ್ತಿ, ಊರು ಇನ್ನೂ ಆಯ್ಕೆ ಆಗಲಿಲ್ಲವಾ? ನೋಡ್ಕೋ, ನಮ್ಮ ನೇಮಿಯೂ ಬೆಟ್ಟಕ್ಕೆ ಒಬ್ಬನೇ ಹೊರಟಾನು," ಎಂದಳು. ತಮಾಷೆಗೇ ಅಂದದ್ದು. ಅತ್ತಿಗೆಯ ಬಾಯಿ ಜೋರು, ಮನಸ್ಸು ಬೆಣ್ಣೆ. ಆದರೆ ರಾಜಮತಿಗೆ ಅದು ನಾಟಿಬಿಟ್ಟಿತು. ಸರಿಯೇ, ಇವರಿಗೆ ನನ್ನನ್ನು ಕರಕೊಂಡು ಹೋಗಲು ನಾಚಿಕೆ. ದೊಡ್ಡ ಊರಿನ ಹೋಟೆಲಿನಲ್ಲಿ ಎಲ್ಲರೂ ರಾತ್ರಿ ಊಟಕ್ಕೆ ಕೂತಾಗ, ಬಾಯಿಮುಚ್ಚಿ ಕೂರುವ ಹಳ್ಳಿಯ ಹೆಂಡತಿಯನ್ನು ಪಕ್ಕದಲ್ಲಿಟ್ಟುಕೊಂಡು ಏನು ಮಾಡ್ತಾರೆ? ಬಾಯಿತಪ್ಪಿ ಕರೆದರು, ಈಗ ಒಂದೊಂದೇ ಊರು ತಳ್ಳುತ್ತಿದ್ದಾರೆ.

ತವರಿಗೆ ಹೋಗುವುದೆಂದು ಅವಳು ನಿಶ್ಚಯಿಸಿದಳು. ರಜೆ ಮುಗಿದ ಮೇಲೂ, ಅವರಾಗಿ ಬಂದು ಕರೆಯುವವರೆಗೂ ಅಲ್ಲಿಂದ ಕದಲುವುದಿಲ್ಲ. ಕರೆಯಲು ಬಾರದಿದ್ದರೆ? ಆ ಯೋಚನೆ ಬಂದಾಗ ಕಣ್ಣು ತುಂಬಿತು. ಯಾಕೆಂದರೆ ಆ ಕನ್ನಡಕ ಒರೆಸುವ ಮನುಷ್ಯನ ಮೇಲೆ ಅವಳಿಗೆ ಅಷ್ಟು ಪ್ರೀತಿ ಇತ್ತು. ಇಲ್ಲವಾದರೆ ಯಾರು ಅಳುತ್ತಾರೆ?

ಮಧ್ಯಾಹ್ನ ಬಸದಿಗೆ ಹೋಗಿ ಬರುತ್ತೇನೆಂದು ಹೊರಟವಳು ನೇರ ಬಸ್‌ಸ್ಟ್ಯಾಂಡಿಗೆ ನಡೆದಳು. ಬಸ್ಸಿನ ಏಜೆಂಟ್ ಬಾವಾ ತಲೆಗೆ ಟವೆಲು ಸುತ್ತಿ, "ಕಾರ್ಕಳ, ಕಾರ್ಕಳ" ಎಂದು ಕೂಗುತ್ತಿದ್ದ. ಅವಳನ್ನು ಕಂಡು ಕೂಗು ನಿಲ್ಲಿಸಿದ.

"ಏನಮ್ಮಾ, ಮಾಷ್ಟ್ರು ನಿಮ್ಮನ್ನೇ ಕಳಿಸಿದರಾ? ಕಡೆಗೆ ಯಾವ ಊರು ಗಟ್ಟಿಯಾಯ್ತು?"

"ಬೆಳ್ತಂಗಡಿಗೆ ನಾಳೆ ಬೆಳಿಗ್ಗೆ ಒಂದು ಸೀಟು ಬೇಕಿತ್ತು."

"ಒಂದಾ?" ಬಾವಾ ಅವಳ ಮುಖವನ್ನೇ ನೋಡಿದ. "ಬೆಳ್ತಂಗಡಿಗಾ? ಅಲ್ಲ ಅಮ್ಮಾ, ಮತ್ತೆ ಮಾಷ್ಟ್ರು ದಿನಾ ಸಂಜೆ ನನ್ನ ತಲೆ ತಿಂದದ್ದು ಯಾತಕ್ಕೆ? ಮೈಸೂರು ಬಸ್ಸು ಹೊತ್ತು ಮುಳುಗುವ ಮೊದಲು ಮುಟ್ತದಾ ಬಾವಾ? ಜೋಗಕ್ಕೆ ಹೋದರೆ ಸಂಜೆ ಬೆಳಕಿರುವಾಗ ಊಟ ಸಿಗುವ ಜೈನರ ಮನೆ ಉಂಟಾ ಬಾವಾ? ಘಾಟಿಯಲ್ಲಿ ಬಸ್ಸು ಕೆಟ್ಟರೆ ನನ್ನ ಹೆಂಡತಿ ಎಲ್ಲಿ ಉಣ್ಣುವುದು ಬಾವಾ? ಕೆಡುವುದಿಲ್ಲ ಮಾಷ್ಟ್ರೇ ಅಂದರೆ, ನೀನು ಗ್ಯಾರಂಟಿ ಕೊಡ್ತೀಯಾ ಅಂತ ಕೇಳ್ತಾರೆ! ನಾನು ಬಸ್ಸಿನ ಏಜೆಂಟ್ ಅಮ್ಮಾ, ಸೂರ್ಯನ ಏಜೆಂಟ್ ಅಲ್ಲ. ಅವನ ಟೈಮ್ ನನ್ನ ಕೈಯಲ್ಲಿ ಉಂಟಾ?"

ಸೀಟಿನ ದುಡ್ಡಿಗೆಂದು ಸೆರಗಿನ ಗಂಟು ಬಿಚ್ಚುತ್ತಿದ್ದ ರಾಜಮತಿ ಅದನ್ನು ಮತ್ತೆ ಕಟ್ಟಿಕೊಂಡಳು.

ಮದುವೆಯ ದಿನ ನೆನಪಾಯಿತು. ಅವತ್ತು ನಾಚಿಕೆಯಲ್ಲಿ ಅವಳು ಎಲೆಯ ಮುಂದೆ ಕೂತು ಎದ್ದದ್ದಷ್ಟೇ, ಉಂಡಿರಲಿಲ್ಲ. ದಿಬ್ಬಣದ ಬಸ್ಸು ವೇಣೂರು ದಾಟಿ ಕೆಟ್ಟು ನಿಂತಿತು. ಮೂಡುಬಿದಿರೆ ಮುಟ್ಟುವಾಗ ಮನೆಮನೆಯಲ್ಲಿ ದೀಪ. ಹೊಟ್ಟೆ ಹಸಿಯುತ್ತಿದ್ದರೂ ಅವಳು ಯಾರಿಗೂ ಹೇಳಲಿಲ್ಲ, ನಗುನಗುತ್ತಲೇ ಹೊಸ್ತಿಲು ದಾಟಿದಳು. ಯಾರೂ ಗಮನಿಸಲಿಲ್ಲವೆಂದೇ ನಂಬಿದ್ದಳು. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ನೇಮಿರಾಜ ಜಗಲಿಯಲ್ಲಿ ಒಂದು ಲೋಟ ಹಿಡಿದು ಪೂರ್ವಕ್ಕೆ ಮುಖಮಾಡಿ ನಿಂತಿದ್ದ. ಬಿಸಿಲಿನ ಮೊದಲ ಗೆರೆ ಅಂಗಳಕ್ಕೆ ಬಿದ್ದದ್ದೇ ತಡ, ಒಳಗೆ ಬಂದು ಲೋಟ ಅವಳ ಕೈಗೆ ಕೊಟ್ಟ. ಬಿಸಿ ಹಾಲು. ಇವರಿಗೆ ಸೂರ್ಯನಮಸ್ಕಾರದ ಅಭ್ಯಾಸ ಉಂಟೇನೋ ಎಂದು ಅವಳು ಅಂದುಕೊಂಡಿದ್ದಳು. ಅಯ್ಯೋ, ಎಂಥ ಪೆದ್ದಿ!

ದಿನಾ ಅಂಗಳದಿಂದ ಕೇಳುವ "ಒಣಸ್ ಆಂಡಾ?" ಕೂಡ ಈಗ ಬೇರೆಯೇ ಆಗಿ ಕೇಳಿಸಿತು. ಅವನು ಒಮ್ಮೆಯೂ ಅದನ್ನು ಕತ್ತಲಾದ ಮೇಲೆ ಕೇಳಿರಲಿಲ್ಲ. ಬೆಳಕಿರುವಾಗಲೇ, ಓಡುತ್ತಾ ಬಂದು ಕೇಳುತ್ತಿದ್ದ.

"ಅಮ್ಮಾ, ಕಣ್ಣಿಗೆ ಧೂಳು ಹೋಯ್ತಾ?" ಎಂದ ಬಾವಾ.

"ಹೂಂ, ಧೂಳು," ಎಂದು ಸೆರಗಿನಿಂದ ಒರೆಸಿಕೊಂಡು ಅವಳು ನಕ್ಕಳು. "ಬಾವಾ, ಹೊತ್ತು ಮುಳುಗುವುದನ್ನೇ ನೋಡ್ಲಿಕ್ಕೆ ಜನ ಹೋಗುವ ಊರು ಉಂಟಲ್ಲ, ಘಾಟಿಯ ಮೇಲೆ?"

"ಆಗುಂಬೆಯಾ?"

"ಅದೇ. ಬೆಳ್ತಂಗಡಿ ಬೇಡ. ರಜೆ ಸಿಕ್ಕಿದ ಮರುದಿನ ಬೆಳಿಗ್ಗೆಯ ಬಸ್ಸಿಗೆ ಎರಡು ಸೀಟು ಹಿಡಿದಿಡಿ. ಕಿಟಕಿಯ ಹತ್ತಿರ."

ಸಂಜೆ ನೇಮಿರಾಜ ಅಂಗಳದಿಂದ ಕೇಳಿದ, "ಒಣಸ್ ಆಂಡಾ?"

"ಇಲ್ಲ," ಎಂದಳು ರಾಜಮತಿ ಜಗಲಿಯ ಕಂಬಕ್ಕೆ ಒರಗಿ.

ಅವನ ಮುಖದ ಬಣ್ಣವೇ ಹೋಯಿತು. ಆಕಾಶ ನೋಡಿದ, ಅವಳನ್ನು ನೋಡಿದ. "ಯಾಕೆ? ಮೈ ಸರಿ ಇಲ್ವಾ? ಇನ್ನು ಎಷ್ಟು ಹೊತ್ತು ಬೆಳಕುಂಟು? ಅಕ್ಕಾ, ಬೇಗ ಬಡಿಸು!"

"ಆಯ್ತು, ಆಯ್ತು, ಊಟ ಆಯ್ತು ಮಾರಾಯ್ರೇ. ಸುಮ್ಮನೆ ಹೇಳಿದೆ, ನಿಮ್ಮ ಮುಖ ನೋಡ್ಲಿಕ್ಕೆ." ಅವಳು ಕಣ್ಣು ಕಿರಿದು ಮಾಡಿ ನಕ್ಕಳು. "ಊರು ಸಿಕ್ಕಿತು. ಆಗುಂಬೆ."

"ಆಗುಂಬೆಯೇ..." ಎಂದು ಅವನು ಗಂಟಲು ಸರಿಮಾಡಿಕೊಂಡ. ಶಾಲೆಯ ಕನ್ನಡ ಹೊರಡುವ ಲಕ್ಷಣ. "ಆಗುಂಬೆಯಲ್ಲಿ ಸೂರ್ಯನು ಅಸ್ತಮಿಸುವ ಸಮಯಕ್ಕೆ ನಾವು..." ಅಲ್ಲಿಗೆ ತಡವರಿಸಿ ನಿಂತ.

"ಮುಟ್ಟಲೇಬೇಕು. ಇಲ್ಲದಿದ್ದರೆ ನೋಡ್ಲಿಕ್ಕೆ ಏನುಂಟು ಅಲ್ಲಿ? ಹೇಳಿ, ಇನ್ನು ಯಾವ ನೆಪ ಹೇಳ್ತೀರಿ?"

ನೇಮಿರಾಜ ಕನ್ನಡಕ ತೆಗೆದ. ಒರೆಸಲು ಮರೆತ. "ಬಾವಾ ಹೇಳಿದನಾ?"

"ಬಾವಾ ಹೇಳಬೇಕಾಯ್ತು. ನಿಮಗೆ ನನ್ನನ್ನು ಕರಕೊಂಡು ಹೋಗ್ಲಿಕ್ಕೆ ನಾಚಿಕೆ ಅಂತ ನಾನು ತಿಳ್ಕೊಂಡಿದ್ದೆ. ತವರಿಗೆ ಹೊರಟಿದ್ದೆ, ಗೊತ್ತುಂಟಾ?"

"ನಾಚಿಕೆಯಾ?" ಅವನ ದನಿ ತಗ್ಗಿತು, ತುಳುವಿಗೆ ಇಳಿಯಿತು. "ಮದುವೆಯ ರಾತ್ರಿ ನೀನು ಉಪವಾಸ ಮಲಗಿದ್ದು ನನಗೆ ಗೊತ್ತಿತ್ತು ರಾಜೀ. ಎಲೆಯ ಮುಂದೆ ಕೂತು ಹಾಗೇ ಎದ್ದದ್ದನ್ನು ನೋಡಿದ್ದೆ, ಆದರೂ ನೀನು ನಗುತ್ತಿದ್ದೆ. ನನಗೆ ನಿದ್ರೆ ಬರಲಿಲ್ಲ. ಇನ್ನು ನನ್ನ ಕೂಡೆ ಬಂದು ನೀನು ಒಂದು ದಿನವೂ ಹಸಿಯಬಾರದು ಅಂತ ಅವತ್ತೇ ನಿಶ್ಚಯ ಮಾಡಿದೆ. ನನಗೆ ನಿನ್ನಷ್ಟು ಗಟ್ಟಿ ಮನಸ್ಸಿಲ್ಲ, ಬಜೆ ಕಂಡರೆ ಕತ್ತಲೆ ಬೆಳಕು ಮರೆಯುತ್ತದೆ. ನಿನ್ನನ್ನು ಕಂಡರೆ ನನಗೆ ಹೆಮ್ಮೆ, ನಾಚಿಕೆ ಅಲ್ಲ."

ಒಳಗೆ ಕಾಂತಿಯ ಬಳೆ ಸದ್ದು ನಿಂತಿತ್ತು, ಕೇಳಿಸಿಕೊಳ್ಳುತ್ತಿದ್ದಳು ಎಂದೇ ಅರ್ಥ.

"ಅಲ್ಲ ಗಣಿತದ ಮಾಷ್ಟ್ರೇ," ಎಂದಳು ರಾಜಮತಿ, "ಮೈಸೂರಿಗಾಗಲಿ ಜೋಗಕ್ಕಾಗಲಿ, ಒಂದು ಬುತ್ತಿ ಕಟ್ಟಿಕೊಂಡು ಬಸ್ಸಿನಲ್ಲೇ ಉಂಡರೆ ಆಗ್ತಿರಲಿಲ್ಲವಾ?"

"ಬುತ್ತಿ!" ಎಂದು ಹಣೆಗೆ ಹೊಡೆದುಕೊಂಡ. ಒಳಗಿಂದ ಕಾಂತಿ ಗೊಳ್ಳೆಂದು ನಕ್ಕಳು.

ರಜೆಯ ಮೊದಲ ದಿನ ಕಾರ್ಕಳ, ಹೆಬ್ರಿ ದಾಟಿ ಸೋಮೇಶ್ವರದಲ್ಲಿ ಸಣ್ಣ ಬಸ್ಸಿಗೆ ಹತ್ತಿದರು. ಘಾಟಿಯ ಒಂದೊಂದು ತಿರುವಿಗೂ ರಾಜಮತಿ ಅವನ ಅಂಗಿಯ ತೋಳು ಹಿಡಿದಳು. ಮೂರನೇ ತಿರುವು ಕಳೆದ ಮೇಲೆ ತೋಳು ಬಿಡುವುದು ಮರೆತಳು. ಅವನು ನೆನಪಿಸಲಿಲ್ಲ. ಅವನ ಶಾಲೆಯ ಹೆಡ್‌ಮಾಸ್ತರರ ನೆಂಟರ ಮನೆಯಲ್ಲಿ ಚೀಲ ಇಟ್ಟು, ಬುತ್ತಿ ಮಾತ್ರ ಹಿಡಿದುಕೊಂಡು ಘಾಟಿಯ ಅಂಚಿಗೆ ಬಂದರು.

ಎಂಥ ಜಾಗ! ಕಾಲ ಕೆಳಗೆ ಬೆಟ್ಟಗಳ ಮೇಲೆ ಬೆಟ್ಟ, ಅದರಾಚೆ ಅವರ ತುಳುನಾಡು ಇಡೀ ಚಾಪೆ ಹಾಸಿದ ಹಾಗೆ ಮಲಗಿತ್ತು. ಕಟ್ಟಕಡೆಗೆ ಕಡಲಿನ ಒಂದು ಬೆಳ್ಳಿಯ ಗೆರೆ. ಅವಳ ಯಾವ ಕ್ಯಾಲೆಂಡರಿನಲ್ಲೂ ಇದು ಇರಲಿಲ್ಲ.

"ನಮ್ಮ ಮೂಡುಬಿದಿರೆ ಎಲ್ಲಿ?"

"ಅಗೋ, ಆ ನೀಲಿಯ ಒಳಗೆ ಎಲ್ಲೋ. ಅಕ್ಕ ಅಂಗಳದಲ್ಲಿ ನಿಂತು ನಮ್ಮನ್ನು ಬೈಯುತ್ತಿರಬೇಕು." ಅವನು ನಕ್ಕ. "ಅಕ್ಕನಿಗೆ ಹೋಗಿ ಹೇಳು, ಈ ನೇಮಿಯೂ ಬೆಟ್ಟ ಹತ್ತಿದ. ಆದರೆ ರಾಜಮತಿಯನ್ನು ಕರಕೊಂಡೇ ಹತ್ತಿದ ಅಂತ."

ಅವಳು ಉತ್ತರ ಕೊಡದೆ ಬುತ್ತಿ ಬಿಚ್ಚಿದಳು. ಬಾಡಿಸಿದ ಬಾಳೆಲೆಯಲ್ಲಿ ಚಟ್ನಿ ಹಚ್ಚಿದ ದೋಸೆ, ಮೊಸರನ್ನ, ಮಾವಿನ ಮಿಡಿ. ತನ್ನ ಪಾಲು ಉಂಡು ಕೈ ತೊಳೆದಳು. ಅವನದ್ದು ಅರ್ಧ ಎಲೆಯಲ್ಲೇ ಇತ್ತು. ಸುತ್ತ ನಾಲ್ಕಾರು ಜನ ಪಡುವಣಕ್ಕೆ ಮುಖಮಾಡಿ ನಿಂತಿದ್ದರು. ಅವನೊಬ್ಬ ಮಾತ್ರ ಬೇರೆ ಕಡೆ ನೋಡುತ್ತಿದ್ದ.

"ಸೂರ್ಯ ಆ ಕಡೆ," ಎಂದಳು ಅವಳು.

"ಗೊತ್ತುಂಟು," ಎಂದ ನೇಮಿರಾಜ. ಮುಖ ತಿರುಗಿಸಲಿಲ್ಲ.

"ಹಾಗಾದರೆ ಉಣ್ಣಿ."

"ನನಗೇನು ಅವಸರ? ಕತ್ತಲಾದ ಮೇಲೂ ತಿನ್ನುವವನು ನಾನು."

"ಇವತ್ತು ಅಲ್ಲ," ಎಂದಳು. ಸೂರ್ಯ ಕಡಲಿಗೆ ತಾಗಿದ್ದ, ಕೆಂಪಗೆ, ತುಂಬು ಕೊಡದ ಹಾಗೆ ಉಬ್ಬಿಕೊಂಡು. ರಾಜಮತಿ ಎಲೆಯಲ್ಲಿ ಉಳಿದದ್ದನ್ನು ಬೇಗಬೇಗ ತುತ್ತು ಮಾಡಿ ಅವನ ಬಾಯಿಗೇ ಇಟ್ಟಳು. ನಾಲ್ಕು ಜನರ ಎದುರು! ಅವಳಿಗೆ ಆ ಧೈರ್ಯ ಎಲ್ಲಿಂದ ಬಂತೋ. ಒಂದು ತುತ್ತು, ಇನ್ನೊಂದು. ಕಡೆಯ ತುತ್ತಿಗೂ ಕಡಲಿನ ಮೇಲೆ ಸೂರ್ಯನ ಒಂದು ಚೂರು ಉಳಿದಿತ್ತು.

ಖಾಲಿ ಎಲೆ ಮಡಚುತ್ತಾ, ತಲೆ ಎತ್ತದೆ, ಅವಳು ಮೆಲ್ಲಗೆ ಕೇಳಿದಳು.

"ಒಣಸ್ ಆಂಡಾ?"

ಬಾಯಿ ತುಂಬಿದ್ದ ನೇಮಿರಾಜ ಕಣ್ಣು ತುಂಬಿಕೊಂಡು ತಲೆಯಾಡಿಸಿದ, ಆಯಿತು ಎಂದು.