ಪೆರಾಬೆ ಗುಡ್ಡದ ಹದಿನೇಳನೇ ವಸ್ತು

2025ರ ಫೆಬ್ರವರಿ 10, ಸೋಮವಾರ. ಬೆಳಿಗ್ಗೆ 10.20ಕ್ಕೆ ಕಡಬ ಠಾಣೆಯ ಮೆಟ್ಟಿಲು ಹತ್ತಿದ ಕೃಷ್ಣಮೋಹನರ ಚಪ್ಪಲಿಯ ತುಂಬ ಕೆಂಪು ಮಣ್ಣು. ಅವರು ಪುತ್ತೂರಿನ ಕಾಲೇಜೊಂದರಲ್ಲಿ ಪುರಾತತ್ವ ಕಲಿಸುವವರು. ಪೆರಾಬೆಯ ಸರಕಾರಿ ಗುಡ್ಡದ ಮಣ್ಣಿನಲ್ಲಿ ಹೂತಿದ್ದ, ಅಂಗೈಯಗಲದ ಪುರಾತನ ಸುಟ್ಟಮಣ್ಣಿನ ಎತ್ತಿನ ಗೊಂಬೆ ಕಾಣೆಯಾಗಿದೆ ಎಂಬುದು ದೂರು.

"ಅಷ್ಟು ಹಳೆಯದನ್ನು ಅಲ್ಲೇ ಯಾಕೆ ಬಿಟ್ಟದ್ದು, ಮಾರಾಯ್ರೆ?" ಹೆಡ್ ಕಾನ್‌ಸ್ಟೇಬಲ್ ವೆಂಕಟ್ರಮಣ ಕೇಳಿದರು.

"ತೆಗೆಯಲಿಕ್ಕೆ ಇಲಾಖೆಯ ಅನುಮತಿ ಬೇಕು. ನಾವು ಫೋಟೋ ತೆಗೆದು, ಅಳತೆ ಬರೆದು, ವೆಬ್‌ಸೈಟಿನ ಪಟ್ಟಿಗೆ ಹಾಕುದು ಮಾತ್ರ. ಮಕ್ಕಳಿಗೆ ಈ ವರ್ಷದ ಪಾಠವೇ ಅದು."

"ಯಾವಾಗ ಹಾಕಿದ್ದು?" ಸಬ್ ಇನ್‌ಸ್ಪೆಕ್ಟರ್ ಶರ್ಮಿಳಾ ಕೇಳಿದರು.

"ಶುಕ್ರವಾರ ಸಂಜೆ. ಪಟ್ಟಿಯಲ್ಲಿ ಹದಿನೇಳನೆಯದು."

ಎಫ್‌ಐಆರ್ ದಾಖಲಾಯಿತು. 12.15ಕ್ಕೆ ಗುಡ್ಡದಲ್ಲಿ ಸ್ಥಳ ಪಂಚನಾಮೆ ಶುರು. ಪಂಚರಾಗಿ ಬಂದ ಪಕ್ಕದ ಮನೆಯ ಸಫಿಯಾ ಬಿಸಿಲಿಗೆ ತನ್ನ ಕೊಡೆಯನ್ನು ಬಿಚ್ಚಿ, ತನಗಲ್ಲ, ವೆಂಕಟ್ರಮಣರು ಬರೆಯುತ್ತಿದ್ದ ಕಾಗದಕ್ಕೆ ಹಿಡಿದರು.

ಅಲ್ಲಿ ಇದ್ದದ್ದು ಎರಡು ಗುಂಡಿ. ಒಂದು ಸ್ಕೇಲ್ ಇಟ್ಟು ಕೊಯ್ದಂತೆ ಚೌಕ. ನಾಲ್ಕು ಮೂಲೆಗೂ ಮೊಳೆ ಹೊಡೆದ ಗುರುತು. ಅದರ ಒತ್ತಿಗೇ ಇನ್ನೊಂದು, ಪಿಕ್ಕಾಸಿನಿಂದ ಕೆತ್ತಿ ಬಿಸಾಡಿದ್ದು. ಕೆತ್ತಿದ ಮಣ್ಣು ಚೌಕದೊಳಗೆ ಬಿದ್ದಿತ್ತು. ಶರ್ಮಿಳಾ ಕುಕ್ಕರುಗಾಲಲ್ಲಿ ಕೂತು ಅದನ್ನು ಬೆರಳಿನಿಂದ ಸರಿಸಿದರು. ಅಡಿಯಲ್ಲಿ ಪ್ಲಾಸ್ಟಿಕ್ ಲಕೋಟೆ, ಅದರೊಳಗೊಂದು ಚೀಟಿ: 'ಪೆ-17. ತೆಗೆದ ದಿನ 8-2-2025, ಮಧ್ಯಾಹ್ನ 3.40. ತೆಗೆದವರು...' ಮುಂದೆ ಖಾಲಿ.

"ಚೀಟಿ ಇಟ್ಟು ಹೋಗುವ ಕಳ್ಳನೂ ಉಂಟಾ!" ವೆಂಕಟ್ರಮಣರಿಗೆ ನಗು.

ಕೃಷ್ಣಮೋಹನ ನಗಲಿಲ್ಲ. "ಯಾವ ವಸ್ತು ತೆಗೆದರೂ ಅಲ್ಲಿ ಚೀಟಿ ಬಿಡಬೇಕು ಅಂತ ನಾನೇ ಕಲಿಸಿದ್ದು," ಎಂದರು.

2.50ಕ್ಕೆ ಶರ್ಮಿಳಾ ಮತ್ತು ಕೃಷ್ಣಮೋಹನ ಕಾಲೇಜಿನ ಕಂಪ್ಯೂಟರ್ ಮುಂದೆ ಕೂತರು. ಪಟ್ಟಿಯನ್ನು ಯಾರು ಯಾವಾಗ ಮುಟ್ಟಿದರೂ ಹೆಸರು ಅದರಲ್ಲಿ ಉಳಿಯುತ್ತದೆ. ಶುಕ್ರವಾರ ಸಂಜೆ 6.10, ಪ್ರಕಟಿಸಿದವರು: ಯಶಸ್ವಿ. ಶನಿವಾರ ಬೆಳಿಗ್ಗೆ 8.35, ತಿದ್ದಿದವರು: ಯಶಸ್ವಿ.

"ಎಂತ ತಿದ್ದಿದ್ದು?"

"ಜಾಗದ ಅಂಕೆ, ಮ್ಯಾಪಿನ ಅಕ್ಷಾಂಶ ರೇಖಾಂಶ. ಬಯಲಲ್ಲಿರುವ ವಸ್ತುವಿಗೆ ಅಂಕೆಗಳನ್ನು ಪೂರ್ತಿ ಹಾಕುವ ಹಾಗಿಲ್ಲ, ಕತ್ತರಿಸಿ ಹಾಕಬೇಕು. ಓದಿದವರಿಗೆ ಊರು ಗೊತ್ತಾದರೆ ಸಾಕು. ಈ ಯಶಸ್ವಿ, ನನ್ನ ವಿದ್ಯಾರ್ಥಿನಿ, ಪೂರ್ತಿ ಹಾಕಿಬಿಟ್ಟಿದ್ದಾಳೆ."

"ತಿದ್ದುವ ಮೊದಲು ಎಷ್ಟು ಮಂದಿ ಇಳಿಸಿಕೊಂಡಿದ್ದರು?"

"ಹನ್ನೊಂದು." ಪರದೆಯಿಂದ ಮುಖ ತಿರುಗಿಸಿ ಅವರೇ ಕೇಳಿದರು, "ಮೇಡಂ, ದೂರು ಹಿಂದೆ ತೆಗೆಯಲಿಕ್ಕೆ ಆಗ್ತದಾ? ಮುಂದಿನ ತಿಂಗಳು ಅವಳಿಗೆ ಕೊನೆಯ ಪರೀಕ್ಷೆ."

"ಎಫ್‌ಐಆರ್ ಆಗಿದೆ ಸರ್."

4.30. ಸುಳ್ಯದ ಕಡೆಯ ಹುಡುಗಿ ಯಶಸ್ವಿ ಪುತ್ತೂರಿನ ಬಾಡಿಗೆ ಕೋಣೆಯಲ್ಲಿದ್ದಳು. ಸಮವಸ್ತ್ರ ಕಂಡದ್ದೇ ಮಂಚದಡಿಯಿಂದ ಪೆಟ್ಟಿಗೆ ಎಳೆದಳು. ಹತ್ತಿಯ ನಡುವೆ ಎತ್ತು ಮಲಗಿತ್ತು. ಕೊಂಬಿನ ತುದಿಯೂ ಮುಕ್ಕಾಗಿರಲಿಲ್ಲ.

"ಯಾರಿಗಾದರೂ ಕೊಡ್ಲಿಕ್ಕಾ?"

"ಅಯ್ಯೋ, ಇಲ್ಲ ಮೇಡಂ! ಯಾರಾದ್ರೂ ಕೊಂಡೋಗ್ತಾರೆ ಅಂತ ಹೆದರಿಕೆ ಆಯ್ತು."

"ಸರ್‌ಗೆ ಒಂದು ಫೋನ್ ಮಾಡ್ಲಿಕ್ಕೆ ಎಂತ ಕಷ್ಟ?"

"ಮಾಡಿದ್ರೆ ತಪ್ಪು ಹೇಳ್ಬೇಕಿತ್ತು. ಪಟ್ಟಿ ಮಾಡಿದ್ರೆ ಯಶಸ್ವಿಯ ಹಾಗೆ ಮಾಡ್ಬೇಕು ಅಂತ ಇಡೀ ಕ್ಲಾಸಿಗೆ ತೋರಿಸಿದ್ರು." ಕಣ್ಣೊರೆಸಿಕೊಂಡಳು. "ಇವತ್ತು ಹೇಳುವ ಅಂತ ಹೋದೆ. ಅವರು ಅಷ್ಟೊತ್ತಿಗೆ ಠಾಣೆಗೆ ಹೋಗಿ ಆಗಿತ್ತು."

5.15ಕ್ಕೆ ಬಂಧನ ದಾಖಲಾಯಿತು. ವೆಂಕಟ್ರಮಣರು ಪೆಟ್ಟಿಗೆಯನ್ನು ಎತ್ತುವ ಮೊದಲು ತನ್ನ ಬೈರಾಸು ಟವೆಲನ್ನು ನಾಲ್ಕು ಮಡಿಕೆ ಮಾಡಿ ಜೀಪಿನ ಸೀಟಿನ ಮೇಲೆ ಹಾಸಿದರು. "ದಾರಿಯಲ್ಲಿ ಹೊಂಡ ಜಾಸ್ತಿ," ಎಂದರು, ಯಾರೂ ಕೇಳದಿದ್ದರೂ.

ಜೀಪಿನಲ್ಲಿ ಶರ್ಮಿಳಾ ಹೇಳಿದರು: "ನೀನು ಹೋದ ಮೇಲೆ ಇನ್ನೊಬ್ಬ ಬಂದಿದ್ದ. ಪಿಕ್ಕಾಸು ತಂದಿದ್ದ. ಚೀಟಿ ಇಟ್ಟಿಲ್ಲ, ಹಾಗಾಗಿ ಅವನನ್ನು ನಾವು ಹುಡುಕಬೇಕು."

ಯಶಸ್ವಿ ಬಹಳ ಹೊತ್ತು ಪೆಟ್ಟಿಗೆಯ ಮೇಲಿನ ಕೈ ತೆಗೆಯಲಿಲ್ಲ.

ಮರುದಿನ ಪುತ್ತೂರಿನ ನ್ಯಾಯಾಲಯದಲ್ಲಿ ಜಾಮೀನು ಸಿಕ್ಕಿತು. ಸಹಿ ಹಾಕಿದವರು ಕೃಷ್ಣಮೋಹನ. ಎರಡನೇ ಗುಂಡಿಗೆ ಸಂಬಂಧಿಸಿ ಆ ಹನ್ನೊಂದು ಮಂದಿಯ ವಿಚಾರಣೆ ನಡೆಯುತ್ತಿದೆ. ಹೊಗಳಿಸಿಕೊಂಡವಳಿಗೆ ತಪ್ಪು ಒಪ್ಪುವುದಕ್ಕಿಂತ ಗುಡ್ಡ ಹತ್ತಿ ಅಗೆಯುವುದೇ ಸುಲಭವೆನಿಸಿತ್ತು ಎಂದು ಶರ್ಮಿಳಾ ಡೈರಿಯಲ್ಲಿ ಬರೆದರು.

ಅಂದು ಸಂಜೆ ಅವರು ವೆಬ್‌ಸೈಟ್ ತೆರೆದು ನೋಡಿದರು. ಹದಿನೇಳನೇ ಸಾಲಿಗೆ ಆಗಷ್ಟೇ ಒಂದು ತಿದ್ದುಪಡಿ ಬಿದ್ದಿತ್ತು. ತೆಗೆದವರು: ಯಶಸ್ವಿ. ಕಾರಣ: ಜಾಗದ ಅಂಕೆ ಹಾಕುವಾಗ ನಾನು ಮಾಡಿದ ತಪ್ಪು.